ಕತ್ತಲಲ್ಲಿ ಕಾಣುವ ಕ್ಯಾಮೆರಾ ಮತ್ತು ನನ್ನ ಪೌಡರ್ ಡಬ್ಬಿ

ಕ್ಯಾಮೆರಾದ ವಿಷಯ ಬರೆಯೋಣ ಅಂತಲೇ ಕೂತಿದ್ದೇನೆ. ಆದರೆ ಕಣ್ಣು ಮಾತ್ರ ಅಲಮಾರಿನ ಮೇಲಿರುವ ಪೌಡರ್ ಡಬ್ಬಿಯ ಕಡೆಗೇ ಹೋಗುತ್ತಿದೆ. ಎರಡು ತಿಂಗಳಾಯಿತು, ಅದರ ಮುಚ್ಚಳ ತಿರುಗಿಸಿಲ್ಲ. ಸರ್ವೀಸು ಪೂರ್ತಿ ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿದ್ದವಳು ನಾನು, ಪೌಡರ್ ಹಾಕದೆ ಹಾಲಿನವನಿಗೂ ಬಾಗಿಲು ತೆಗೆದವಳಲ್ಲ. ಈಗ ನಮ್ಮ ಶಿಡ್ಲಘಟ್ಟದ ಬೀದಿಯಲ್ಲಿ ಎದುರು ಸಿಕ್ಕವರೆಲ್ಲ, "ಮೇಡಂ, ಮೈ ಹುಷಾರಿಲ್ವಾ?" ಎಂದು ಕೇಳುತ್ತಾರೆ. ಮೈ ಚೆನ್ನಾಗಿಯೇ ಇದೆ. ಹೋಗಿದ್ದು ಮಾನ. ಅದು ಹೇಗೆ ಹೋಯಿತು ಅಂತ ಹೇಳುತ್ತೇನೆ, ಆದರೆ ಮೊದಲು ನನ್ನ ಗಂಡನನ್ನು ಸ್ವಲ್ಪ ಆಡಿಕೊಳ್ಳುವುದಕ್ಕೆ ಬಿಡಿ. ಅಭ್ಯಾಸ ಹಾಗೆ.

ನಮ್ಮ ಯಜಮಾನರು ಸರ್ಕಾರದ ರೇಷ್ಮೆ ಕೆಲಸದಲ್ಲಿದ್ದು ನಿವೃತ್ತರಾದವರು. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಬೈಕಿನಲ್ಲಿ ಸುತ್ತಿ, ರೈತರ ಹುಳದ ಮನೆಗಳ ಬಾಗಿಲಲ್ಲಿ ನಿಂತು, "ಗಾಳಿ ಬೇಕು, ಬೆಳಕು ಬೇಡ" ಎಂದು ಉಪದೇಶ ಮಾಡುವುದೇ ಅವರ ಉದ್ಯೋಗವಾಗಿತ್ತು. ನಿವೃತ್ತಿಯಾದ ಮೇಲೆ ಉಪದೇಶ ಕೇಳುವುದಕ್ಕೆ ಉಳಿದವಳು ನಾನೊಬ್ಬಳೇ. ನಾನೂ ಮೇಡಂ. ನನಗೆ ಹೇಳಿ ಅಭ್ಯಾಸವೇ ಹೊರತು ಕೇಳಿ ಅಲ್ಲ. ಹಾಗಾಗಿ ಪಾಪ, ಹೊತ್ತು ಕಳೆಯುವುದು ಕಷ್ಟವಾಯಿತು. ಮೊದಲು ಯೋಗ ಹಿಡಿದರು. ನಾಲ್ಕನೇ ದಿನ ಸೊಂಟವೇ ಅವರನ್ನು ಹಿಡಿಯಿತು. ಆಮೇಲೆ ಕೊಳಲು ತಂದರು. ಪಕ್ಕದ ಮನೆಯವರು ಬಂದು, ಕೈಮುಗಿದು ಹೋದರು. ತಾರಸಿಯ ಮೇಲೆ ಟೊಮೆಟೊ ಬೆಳೆದರು. ಇಡೀ ವರ್ಷಕ್ಕೆ ಒಂದು ಸಾರಿಗಾಗುವಷ್ಟು ಬಂತು. ಕೊನೆಗೆ ಒಂದು ದಿನ ಬೆಂಗಳೂರಿಗೆ ಹೋಗಿ ಕ್ಯಾಮೆರಾ ತಂದರು.

ಬೆಲೆ ಕೇಳಬೇಡಿ. ನಾನು ಕೇಳಿದೆ, ಅವರು ಕಡಿಮೆ ಮಾಡಿ ಹೇಳಿದರು, ಆ ಕಡಿಮೆಗೇ ನನಗೆ ತಲೆ ಸುತ್ತಿತು.

"ಇದು ಕತ್ತಲಲ್ಲೂ ನೋಡುತ್ತೆ ಕಣೇ ಶಾಂತ," ಅಂದರು, ಡಬ್ಬದಿಂದ ಅದನ್ನು ಹಸುಗೂಸಿನ ಹಾಗೆ ಎತ್ತುತ್ತಾ.

"ನಮ್ಮನೆ ಬೆಕ್ಕೂ ನೋಡುತ್ತೆ. ಅದಕ್ಕೆ ಒಂದು ಬಟ್ಟಲು ಹಾಲು ಸಾಕು."

"ಫೋಟೋ ಕ್ಯಾಮೆರಾ ಅಲ್ಲ ಇದು. ವೀಡಿಯೋಗೇ ಅಂತ ಮಾಡಿರೋ ಮಿರರ್‌ಲೆಸ್ಸು. ಗಂಟೆಗಟ್ಟಲೆ ಓಡಿದ್ರೂ ಬಿಸಿ ಆಗಲ್ಲ. ಒಳಗೆ ಫ್ಯಾನ್ ಇದೆ."

ನಮ್ಮ ಹಾಲಿನ ಫ್ಯಾನು ಎರಡು ವರ್ಷದಿಂದ ಕಿರ್ರೋ ಅಂತಿದೆ. ಎಲೆಕ್ಟ್ರಿಷಿಯನ್ ಕರೆಸಿ ಅಂದರೆ ನಾಳೆ ಅನ್ನುತ್ತಾರೆ. ಕ್ಯಾಮೆರಾದ ಹೊಟ್ಟೆಯೊಳಗಿನ ಫ್ಯಾನಿಗೆ ಮಾತ್ರ ಧೂಳು ಕೂರಬಾರದೆಂದು ನನ್ನ ಹಳೆಯ ಮೆತ್ತನೆ ಬ್ಲೌಸ್ ಪೀಸೇ ಬೇಕು. ಹೆಂಡತಿಗೆ ಸೆಕೆಯಾದರೆ ಬೀಸಣಿಗೆ, ಕ್ಯಾಮೆರಾಕ್ಕೆ ಸೆಕೆಯಾದರೆ ಫ್ಯಾನು. ಇರಲಿ.

ಆಮೇಲೆ ಶುರುವಾಯಿತು ನೋಡಿ. ಬೆಳಕಿರುವ ಜಾಗವೆಲ್ಲ ಅವರ ಪಾಲಿಗೆ ಕೆಲಸಕ್ಕೆ ಬಾರದ್ದಾಯಿತು. ಮಟಮಟ ಮಧ್ಯಾಹ್ನ ಕಿಟಕಿ ಪರದೆಗಳನ್ನೆಲ್ಲ ಎಳೆದು, ಉಗ್ರಾಣದಲ್ಲಿ ರಾಗಿ ಮೂಟೆಯ ವೀಡಿಯೋ, ಮಂಚದ ಕೆಳಗೆ ಚಪ್ಪಲಿಯ ವೀಡಿಯೋ. ನಾನು ಆ ಕತ್ತಲಲ್ಲಿ ಒರಳುಕಲ್ಲು ಎಡವಿ ಕಾಲು ಹಿಡಿದುಕೊಂಡು ಕೂಗಿದ್ದೂ ವೀಡಿಯೋ ಆಗಿದೆ. ತೆಗೆದದ್ದನ್ನು ತೋರಿಸಿ ಅಂದರೆ, ಚಿಕ್ಕ ಪರದೆಯಲ್ಲಿ ಬರೀ ಬೂದಿ ಬೂದಿ, ಮಂಕು ಮಂಕು.

"ಇದೇನ್ರೀ, ಮೂರು ದಿನದ ಮಜ್ಜಿಗೆ ಹಂಗಿದೆ?"

"ಅದು ಹಸಿ ಚಿತ್ರ ಕಣೇ. ಬಣ್ಣ ಎಲ್ಲಾ ಒಳಗೇ ಅಡಗಿರುತ್ತೆ. ಆಮೇಲೆ ಕಂಪ್ಯೂಟರ್‌ನಲ್ಲಿ ಮೇಲಕ್ಕೆ ಎತ್ತಬೇಕು."

"ಹೂಂ. ಮದುವೇಲಿ ನಿಮ್ಮಪ್ಪನೂ ಹಿಂಗೇ ಹೇಳಿದ್ರು, ಹುಡುಗನ ಬುದ್ಧಿ ಎಲ್ಲಾ ಒಳಗೇ ಅಡಗಿದೆ ಅಂತ."

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನಾನು ಏನಂದರೂ ಅವರಿಗೆ ಬೇಜಾರಾಗುವುದಿಲ್ಲ, ನನ್ನ ಬಾಯಿ ಇಷ್ಟು ಬೆಳೆದದ್ದೇ ಅದರಿಂದ. ಆದರೆ ಒಂದು ಮಾತು ನಿಜವಾಗಿ ಹೇಳಿಬಿಡುತ್ತೇನೆ. ಕತ್ತಲಲ್ಲಿ ಕಾಣುವ ಕ್ಯಾಮೆರಾ ಅನ್ನುವುದನ್ನು ನಾನು ನಂಬಿರಲೇ ಇಲ್ಲ.

ನಂಬದಿರುವುದಕ್ಕೆ ಕಾರಣ ಇತ್ತು. ನನ್ನ ತವರು ಅಂಬಾಜಿದುರ್ಗದ ಬುಡದ ಒಂದು ಹಳ್ಳಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ನಮ್ಮನ್ನೆಲ್ಲ ಬಸ್ಸು ಹತ್ತಿಸಿ ಚಿಂತಾಮಣಿಯ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರು. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಸರೋವರ, ಅದರಲ್ಲಿ ಎರಡು ಹಂಸ. ಒಂದಕ್ಕೆ ಕೊಕ್ಕು ಉದುರಿಹೋಗಿತ್ತು. ಅಕ್ಕಪಕ್ಕ ಎರಡು ದೊಡ್ಡ ದೀಪ, ಅವಕ್ಕೆ ಬಿಳಿ ಛತ್ರಿ. ದೀಪ ಹೊತ್ತಿದ ತಕ್ಷಣ ನಾನು ಕಣ್ಣು ಮುಚ್ಚಿ, "ಇದು ಬೇಡ" ಅಂತ ಅತ್ತೆ. ಸ್ಟುಡಿಯೋದವರು ಗದರಿದರು. "ಬೆಳಕಿಲ್ದೆ ಫೋಟೋ ಬರುತ್ತೇನಮ್ಮ? ಕಣ್ಣು ಬಿಡು!" ಅಮ್ಮ ನನ್ನ ಮುಖಕ್ಕೆ ಪೌಡರನ್ನು ಸುಣ್ಣ ಬಳಿದ ಹಾಗೆ ಬಳಿದಿದ್ದಳು. ಅದರ ಮೇಲೆ ಕಣ್ಣೀರು ಇಳಿದು ಎರಡು ಕಾಲುವೆ ತೆಗೆದಿತ್ತು. ಆ ಫೋಟೋ ಈಗಲೂ ಇದೆ. ಇಡೀ ಕುಟುಂಬವನ್ನು ಪೊಲೀಸರು ಹಿಡಿದು ಕೂರಿಸಿದಂತಿದೆ. ಅವತ್ತು ಕಲಿತದ್ದು ಎರಡೇ. ಫೋಟೋ ಅಂದರೆ ಬೆಳಕು, ಫೋಟೋ ಅಂದರೆ ಪೌಡರು. ಸ್ಕೂಲಿನ ಗ್ರೂಪ್ ಫೋಟೋಗಳಲ್ಲಿ ನನ್ನನ್ನು ಹುಡುಕುವುದು ಸುಲಭ. ಎಲ್ಲರಿಗಿಂತ ಬೆಳ್ಳಗೆ, ಕತ್ತು ಮಾತ್ರ ಬೇರೆ ಬಣ್ಣದಲ್ಲಿ ಇರುವವಳು ನಾನು.

ಅದೇ ತವರಿನಲ್ಲಿ ಇನ್ನೊಂದು ಪಾಠವೂ ಆಗಿತ್ತು. ನಮ್ಮಜ್ಜಿ ರೇಷ್ಮೆ ಹುಳ ಸಾಕುತ್ತಿದ್ದಳು. ಹುಳದ ಮನೆಯ ಕಿಟಕಿಗೆಲ್ಲ ಗೋಣಿತಾಟು. ಒಳಗೆ ಹೋಗಬೇಕಾದರೆ ಕಾಲು ತೊಳೆಯಬೇಕು, ಮೈಗೆ ಸೆಂಟು ಪೌಡರು ಇರಬಾರದು, ಆ ದಿನಗಳಲ್ಲಿ ಅಡುಗೆಮನೆಯಲ್ಲಿ ಘಾಟಿನ ಒಗ್ಗರಣೆ ಸಹ ಇಲ್ಲ. ಹುಳಗಳು ಸೊಪ್ಪು ಮೇಯುವ ಸರಸರ ಶಬ್ದ ಕೇಳಿಕೊಂಡೇ ನಾವು ಮಕ್ಕಳು ಗೋಡೆಯ ಈಚೆ ನಿದ್ದೆ ಹೋಗುತ್ತಿದ್ದೆವು. ಒಂದು ಸಲ ಅಪ್ಪನ ಟಾರ್ಚ್ ಕದ್ದು ಒಳಗೆ ಬಿಟ್ಟು ನೋಡಿದೆ. ಅಜ್ಜಿ ಹಿಪ್ಪುನೇರಳೆ ಕಡ್ಡಿಯಿಂದ ಕೈಮೇಲೆ ಬಾರಿಸಿದಳು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ನಾನು ಮಾಡಿದ್ದನ್ನು ಗೊತ್ತಿಲ್ಲದೆ ಮಾಡಿದೆ ಅಂತ ಹೇಳಿಕೊಳ್ಳುವ ಹಾಗಿಲ್ಲ.

ಈಗ ನನ್ನ ಅತ್ತಿಗೆಯ ವಿಷಯ. ನಮ್ಮ ಯಜಮಾನರ ಅಕ್ಕ ಮುನಿಲಕ್ಷ್ಮಮ್ಮ, ಸಾದಲಿ ಹತ್ತಿರದ ಹಳ್ಳಿಯವರು. ಎಪ್ಪತ್ತು ದಾಟಿದೆ. ಬಾಯಿ ನನ್ನದಕ್ಕಿಂತ ಜೋರು. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಅವರ ಗೂಡಿಗೆ ಒಂದು ಹೆಸರಿತ್ತು. ಮುನಿಲಕ್ಷ್ಮಮ್ಮನ ಗೂಡಿನಲ್ಲಿ ಜೋಡಿ ಗೂಡು ಇರುವುದಿಲ್ಲ ಅಂತ. ಎರಡು ಹುಳ ಒಂದೇ ಕಡೆ ನುಗ್ಗಿ, ಸೇರಿಕೊಂಡು ಕಟ್ಟುವುದು ಜೋಡಿ ಗೂಡು. ಅದರ ಎಳೆ ಒಂದಕ್ಕೊಂದು ಸಿಕ್ಕಿಕೊಂಡು ನೂಲು ಸರಿಯಾಗಿ ಬಿಚ್ಚುವುದಿಲ್ಲ, ನೂಲು ತೆಗೆಯುವವರಿಗೆ ಅದನ್ನು ಕಂಡರಾಗದು. ನಮ್ಮ ಬೀದಿಯ ಖಾದರ್ ಸಾಬರದು ನೂಲು ತೆಗೆಯುವ ಕಸುಬು. ಅತ್ತಿಗೆಯ ಗೂಡು ಬಂದಿದೆ ಅಂದರೆ ಅವರು ರಾಶಿಗೆ ಕೈ ಹಾಕಿ ನೋಡುತ್ತಲೇ ಇರಲಿಲ್ಲ, ಅಷ್ಟು ನಂಬಿಕೆ.

ಆ ಅತ್ತಿಗೆ ಈ ಸಲ, "ಇದೇ ಕೊನೇ ಬೆಳೆ" ಅಂದರು. ಮಂಡಿ ಕೈಕೊಟ್ಟಿತ್ತು. ಸೊಪ್ಪಿನ ತೋಟ ಕಿತ್ತು ಗುಲಾಬಿ ಹಾಕುವುದೆಂದು ತೀರ್ಮಾನವಾಗಿತ್ತು. "ಹೆಸರಿರೋವಾಗ್ಲೇ ನಿಲ್ಲಿಸ್ಬೇಕು ಕಣಮ್ಮ ಶಾಂತ. ಕೊನೇ ಬೆಳೆ ಕೆಟ್ರೆ ಜನ ಅದನ್ನೇ ನೆನಪಿಟ್ಕೋತಾರೆ," ಎಂದು ನನ್ನ ಕೈಹಿಡಿದು ಹೇಳಿದ್ದರು.

ಯಜಮಾನರಿಗೆ ಇಷ್ಟೇ ಸಾಕಾಯಿತು. ಅಕ್ಕನ ಕೊನೆಯ ಬೆಳೆಯ ಮೇಲೆ ಡಾಕ್ಯುಮೆಂಟರಿ! ಅತ್ತಿಗೆ ಮೊದಲು ಒಪ್ಪಲಿಲ್ಲ. ಹುಳದ ಮನೆಗೆ ಹೊರಗಿನ ನೊಣವನ್ನೂ ಬಿಡದ ಹೆಂಗಸು. "ಲೈಟು ಗೀಟು ತಂದೀಯಾ, ಹುಷಾರ್," ಅಂದರು. "ಲೈಟೇ ಬೇಡ ಅಕ್ಕ, ಅದಕ್ಕೇ ಈ ಕ್ಯಾಮೆರಾ!" ಎಂದು ಇವರು ಎದೆ ಉಬ್ಬಿಸಿದರು. ತಮ್ಮನಲ್ಲವೇ ಅಂತ ಅತ್ತಿಗೆ ಒಪ್ಪಿದರು.

ಹುಳ ಹಣ್ಣಾದ ದಿನ ಫೋನು ಬಂತು. ಹಣ್ಣಾಗುವುದೆಂದರೆ ಹುಳ ಮೇವು ಬಿಟ್ಟು, ಮೈ ಹೊಳಪಾಗಿ, ಗೂಡು ಕಟ್ಟಲು ಸಿದ್ಧವಾಗುವುದು. ಆಗ ಅವನ್ನು ಆರಿಸಿ ಚಂದ್ರಿಕೆಗಳ ಮೇಲೆ, ಅಂದರೆ ಸುರುಳಿ ಸುತ್ತಿನ ಬಿದಿರಿನ ತಟ್ಟಿಗಳ ಮೇಲೆ, ಬಿಡುತ್ತಾರೆ. ನಾನು ನನ್ನ ರಿಟೈರ್‌ಮೆಂಟಿನ ಕುಂಕುಮ ಬಣ್ಣದ ರೇಷ್ಮೆ ಸೀರೆ ಉಟ್ಟು, ಪೌಡರ್ ಬಳಿದುಕೊಂಡು ಹೊರಟೆ. ಹುಳದ ಮನೆಗೆ ರೇಷ್ಮೆ ಸೀರೆಯುಟ್ಟು ಹೋಗುವುದು ಯಾವ ಸೀಮೆಯ ಮರ್ಯಾದೆ ಅಂತ ಆಗ ಹೊಳೆಯಲಿಲ್ಲ.

ಬಾಗಿಲಲ್ಲೇ ಅತ್ತಿಗೆ ಮೂಗು ಅರಳಿಸಿದರು. "ಪೌಡರ್ ಹಾಕಿದೀಯೇನಮ್ಮ? ಹಂಗಾದ್ರೆ ಆಚೆ ಇರು. ಹೋಗಿ ಅವರೇಕಾಳು ಸುಲಿ."

ಕೂಲಿಗೆ ಬಂದ ಹೆಂಗಸರೆಲ್ಲ ಒಳಗೆ, ಸ್ಕೂಲ್ ಮೇಡಂ ಹಿತ್ತಲಲ್ಲಿ. ನನಗೆ ಉರಿದುಹೋಯಿತು.

ಮಧ್ಯಾಹ್ನದ ಹೊತ್ತಿಗೆ ಹುಳವೆಲ್ಲ ಚಂದ್ರಿಕೆಗೇರಿತು. ಯಜಮಾನರು ಮೂರು ಕಾಲಿನ ಸ್ಟ್ಯಾಂಡಿಗೆ ಕ್ಯಾಮೆರಾ ಕೂರಿಸಿ, ಅದಕ್ಕೆ ಪವರ್‌ಬ್ಯಾಂಕ್ ಸಿಕ್ಕಿಸಿ, ಆಜ್ಞೆ ಹೊರಡಿಸಿದರು: "ಸಂಜೇವರೆಗೂ ಓಡ್ತಾ ಇರುತ್ತೆ. ಯಾರೂ ಬಾಗಿಲು ತೆಗೀಬಾರ್ದು." ಅರ್ಧ ಗಂಟೆಗೊಮ್ಮೆ ಇಣುಕಿ ನೋಡದಿದ್ದರೆ ಅತ್ತಿಗೆಗೆ ಊಟ ಸೇರುವುದಿಲ್ಲ. ಅಂಥವರೂ, "ಆಯ್ತಪ್ಪ, ಅದೇನ್ ಕಾಣಿಸುತ್ತೋ ನೋಡಣ," ಎಂದು ಹೊರಗೆ ಬಂದರು. ಕ್ಯಾಮೆರಾ ಅಂದರೆ ನಮ್ಮ ಜನಕ್ಕೆ ಆ ಭಯಭಕ್ತಿ. ಮುದ್ದೆ, ಅವರೇಕಾಳಿನ ಸಾರು ಉಂಡು ಎಲ್ಲರೂ ಹೊಂಗೆಮರದ ಕೆಳಗೆ ಮಲಗಿದರು. ನನಗೆ ನಿದ್ದೆ ಬರಲಿಲ್ಲ. ಎದ್ದು, ಸದ್ದಾಗದಂತೆ ಹುಳದ ಮನೆಯ ಬಾಗಿಲು ತಳ್ಳಿ ಒಳಗೆ ಹೋದೆ.

ಮಬ್ಬುಗತ್ತಲು. ಕ್ಯಾಮೆರಾದ ಪರದೆಯನ್ನು ಮುಂದಕ್ಕೆ ತಿರುಗಿಸಿಕೊಂಡು ಅದರೆದುರು ನಿಂತೆ. ಪರದೆಯಲ್ಲಿ ಅದೇ ಹುಳಿ ಮಜ್ಜಿಗೆ. ನನ್ನ ಕುಂಕುಮ ಬಣ್ಣದ ಸೀರೆ ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಅಯ್ಯೋ ಪಾಪ ಅನ್ನಿಸಿತು. ಈ ಮನುಷ್ಯ ಇಷ್ಟು ಖರ್ಚು ಮಾಡಿ, ಇಷ್ಟು ಜಂಬ ಕೊಚ್ಚಿ, ನಾಳೆ ಅಕ್ಕನ ಮುಂದೆ ಮಂಕು ಬೂದಿ ತೋರಿಸಿದರೆ ನಗೆಪಾಟಲಾಗುವುದಿಲ್ಲವೇ? ಬೆಳಕಿಲ್ಲದೆ ಫೋಟೋ ಬರುತ್ತದೆಯೇ? ಗೋಡೆಯ ಮೇಲೆ, ಹುಳದ ಮನೆ ತೊಳೆಯುವಾಗ ಹಾಕುವ ಟ್ಯೂಬ್‌ಲೈಟಿನ ಸ್ವಿಚ್ಚಿತ್ತು. ಹಾಕಿದೆ. ಹನ್ನೆರಡಾಣೆ ಗಂಡನ ಮೇಲಿನ ಕರುಣೆ, ನಾಲ್ಕಾಣೆ ಸೀರೆಯ ಆಸೆ ಅಂತ ಆಗ ಅಂದುಕೊಂಡಿದ್ದೆ. ನೀವು ಅದನ್ನು ತಿರುಗಿಸಿ ಓದಿಕೊಳ್ಳಿ. ಪರದೆಯಲ್ಲಿ ಸೀರೆಗೆ ಸ್ವಲ್ಪ ಕಳೆ ಬಂತು. ಸೆರಗು ಸರಿಮಾಡಿಕೊಂಡೆ, ಚಂದ್ರಿಕೆಯ ಪಕ್ಕ ನಿಂತು ಹುಳಗಳನ್ನು ಪ್ರೀತಿಯಿಂದ ನೋಡುವವಳಂತೆ ನೋಡಿದೆ. ಆಮೇಲೆ ಲೈಟು ಹಾಗೇ ಇರಲಿ, ಅವರಿಗೆ ಸಂಜೆಯವರೆಗೂ ಬೆಳಕು ಬೇಕಲ್ಲ ಎಂದು ಬಾಗಿಲು ಎಳೆದುಕೊಂಡು ಬಂದುಬಿಟ್ಟೆ.

ಸಂಜೆ ಅತ್ತಿಗೆ ಬಾಗಿಲು ತೆಗೆದರು. ಸಿಟ್ಟು ಬಂದರೆ ಅವರ ನಾಲಿಗೆ ತೆಲುಗಿಗೆ ಹೊರಳುತ್ತದೆ.

"ಲೈಟ್ ಎವರ್ರಾ ವೇಸಿಂದಿ?"

ಲೈಟು ಯಾರು ಹಾಕಿದ್ದು ಅಂತ. ಹುಳಗಳೆಲ್ಲ ಬೆಳಕಿಗೆ ಹೆದರಿ ಚಂದ್ರಿಕೆಗಳ ಮುಂಭಾಗ ಬಿಟ್ಟು ಹಿಂದುಗಡೆಯ ನೆರಳಿಗೆ ನುಗ್ಗಿದ್ದವು. ಒಂದರ ಮೇಲೊಂದು ಬಿದ್ದು ಆಗಲೇ ನೂಲು ಬಿಡತೊಡಗಿದ್ದವು. ಇನ್ನು ಬಿಡಿಸುವ ಹಾಗಿರಲಿಲ್ಲ. ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು.

ಯಜಮಾನರು ಟ್ಯೂಬ್‌ಲೈಟು ನೋಡಿದರು. ಕ್ಯಾಮೆರಾ ನೋಡಿದರು. ನನ್ನನ್ನು ಒಂದೇ ಒಂದು ಸಲ ನೋಡಿದರು.

"ನಾನೇ ಹಾಕಿದ್ದು ಅಕ್ಕ. ಬೆಳಕು ಸಾಲ್ದೇನೋ ಅಂತ..."

ಅತ್ತಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವ ಹಾಗಿಲ್ಲ. ಆಗ ನಾನು ಏನು ಮಾಡಿದೆ ಗೊತ್ತೇ? ನಕ್ಕೆ. "ಸರ್ವೀಸೆಲ್ಲಾ ಬೆಳಕು ಬೇಡ, ಬೆಳಕು ಬೇಡ ಅಂತ ಊರೂರಿಗೆ ಹೇಳಿದೋರು, ಅಕ್ಕನ ಮನೇಲಿ ಬಂದು ಟ್ಯೂಬ್‌ಲೈಟ್ ಹಾಕಿದ್ರಲ್ರೀ!" ಅಂದೆ. ಕೂಲಿ ಹೆಂಗಸರೆಲ್ಲ ಸೀರೆ ಸೆರಗು ಬಾಯಿಗೆ ಅಡ್ಡ ಹಿಡಿದರು. ಯಜಮಾನರು ಲೆನ್ಸ್ ಒರೆಸುತ್ತಾ ನಿಂತರು, ನನ್ನದೇ ಬ್ಲೌಸ್ ಪೀಸಿನಲ್ಲಿ.

ವಾರದ ನಂತರ ಗೂಡು ಮಾರ್ಕೆಟ್ಟಿಗೆ ಬಂತು. ಖಾದರ್ ಸಾಬರು ಎಂದಿನಂತೆ ನಗುತ್ತಾ ಬಂದವರು, ರಾಶಿಯ ಮೇಲೇ ಕಂಡ ಒಂದು ಗೂಡನ್ನು ಎತ್ತಿ ಬೆರಳಲ್ಲಿ ತಿರುಗಿಸಿದರು. ದಪ್ಪ, ಒರಟು. ಜೋಡಿ ಗೂಡು. ಆಮೇಲೆ ಕೈ ಹಾಕಿದರು. ಇನ್ನೊಂದು. ಮತ್ತೊಂದು. "ಏನಾಯ್ತಮ್ಮಾ? ನಿಮ್ ಗೂಡಲ್ಲಿ ನಾನ್ ಇದನ್ನ ನೋಡೇ ಇರ್ಲಿಲ್ವಲ್ಲ," ಎಂದು ಮೆಲ್ಲಗೆ ಕೇಳಿದರು. ಜೋರಾಗಿ ಕೇಳಿದ್ದರೆ ಅತ್ತಿಗೆ ಜಗಳವಾದರೂ ಆಡುತ್ತಿದ್ದರು. ಮೆಲ್ಲಗೆ ಕೇಳಿದ್ದಕ್ಕೆ ತಲೆ ಬಗ್ಗಿಸಿ ಸೆರಗಿನ ಅಂಚು ಸುರುಳಿ ಸುತ್ತುತ್ತಾ ನಿಂತರು. ಪಕ್ಕದಲ್ಲೇ ನಾನು, ಮುಖಕ್ಕೆ ಪೌಡರ್ ಹಾಕಿಕೊಂಡು. ಆಗಲೂ ನಿಜ ಹೇಳಲಿಲ್ಲ.

ಯಜಮಾನರು ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಡಾಕ್ಯುಮೆಂಟರಿ ಜೋಡಿಸುತ್ತಿದ್ದರು. ಅವರಿಗೆ ನೆನಪಿನ ಶಕ್ತಿ ಕಡಿಮೆ, ತಾವೇ ಲೈಟು ಹಾಕಿದೆ ಅಂತ ನಿಜವಾಗಿಯೂ ನಂಬಿರಬೇಕು ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಒಂದು ದಿನ ಕಾಫಿ ತೆಗೆದುಕೊಂಡು ಹೋದರೆ, ಪರದೆಯ ತುಂಬ ನಾನೇ! ಬಣ್ಣ ಮೇಲೆದ್ದಿತ್ತು. ಆ ಮಬ್ಬಿನಲ್ಲೂ ಕುಂಕುಮ ಬಣ್ಣದ ಸೀರೆ ಕುಂಕುಮದ ಹಾಗೇ ಇತ್ತು, ಸೆರಗಿನ ಪಿನ್ನು ಕಾಣುತ್ತಿತ್ತು, ಕತ್ತಿನ ಹತ್ತಿರ ಪೌಡರ್ ಮುಗಿಯುವ ಗೆರೆ ಕಾಣುತ್ತಿತ್ತು. ಸ್ವಿಚ್ಚಿನ ಕಡೆ ಹೋಗುತ್ತಿರುವ ಕೈಯೂ ಕಾಣುತ್ತಿತ್ತು. ಕ್ಯಾಮೆರಾ ಕತ್ತಲಲ್ಲಿ ನೋಡುತ್ತದೆ ಅಂತ ಅವರು ನೂರು ಸಲ ಹೇಳಿದ್ದರು, ಆ ಪುಣ್ಯಾತ್ಮ ಸುಳ್ಳು ಹೇಳಿರಲಿಲ್ಲ.

ಅವರು ಗಡಬಡಿಸಿ ಮುಚ್ಚಿದರು. "ಏನಿಲ್ಲ, ಅದು ವೇಸ್ಟ್ ಶಾಟ್," ಅಂದರು.

ಪಕ್ಕದ ಮನೆಯಲ್ಲಿ ಏನು ಪಲ್ಯ ಅನ್ನುವುದನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳಲಾರದ ಮನುಷ್ಯ ಇದನ್ನು ಒಂದು ತಿಂಗಳು ಇಟ್ಟುಕೊಂಡಿದ್ದರು. ನಾನು ಕಾಫಿ ಲೋಟ ಅಲ್ಲೇ ಇಟ್ಟು ಅಡುಗೆಮನೆಗೆ ಹೋಗಿ ಅತ್ತೆ. ನಾಚಿಕೆಗೋ, ಪ್ರೀತಿಗೋ ಅಂತ ಕೇಳಬೇಡಿ. ಎರಡಕ್ಕೂ.

ಮುಂದಿನ ಭಾನುವಾರ ಅತ್ತಿಗೆಯ ಮನೆಯ ಟೀವಿಯಲ್ಲಿ ಡಾಕ್ಯುಮೆಂಟರಿ ತೋರಿಸಿದರು. ಚೆನ್ನಾಗಿತ್ತು, ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು. ಅತ್ತಿಗೆಯ ಕೈಬೆರಳ ಸಂದಿನಲ್ಲಿ ಹಣ್ಣು ಹುಳ ಹೊಳೆಯುತ್ತಿತ್ತು. ನಾನು ಮಾತ್ರ ಎದೆ ಹಿಡಿದುಕೊಂಡು ಕೂತಿದ್ದೆ, ಈಗ ಬರುತ್ತೆ, ಈಗ ಬರುತ್ತೆ ಅಂತ. ಬರಲಿಲ್ಲ. ಆ ಭಾಗವನ್ನೇ ಕತ್ತರಿಸಿದ್ದರು. ಕೊನೆಯಲ್ಲಿ ಅವರದೇ ದನಿ: 'ಈ ಬೆಳೆ ಕೆಟ್ಟಿದ್ದು ನನ್ನ ತಪ್ಪಿನಿಂದ.'

ಅಲ್ಲಿಗೆ ನನ್ನ ಕೈಲಿ ಆಗಲಿಲ್ಲ. ಎದ್ದು ನಿಂತೆ. "ಅತ್ತಿಗೆ, ಲೈಟು ಹಾಕಿದ್ದು ನಾನು."

ಅತ್ತಿಗೆ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು, ಕೂತ್ಕೋ."

"ಗೊತ್ತಾ?"

"ಬಾಗಿಲು ತೆಗ್ದ್ ತಕ್ಷಣ ಪೌಡರ್ ವಾಸ್ನೆ ಹೊಡೀತು. ನನ್ ತಮ್ಮ ಯಾವತ್ತು ಪೌಡರ್ ಹಾಕಿದಾನೆ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಮತ್ತೆ ಅವತ್ತು ಅವರಿಗೆ ಅಷ್ಟೊಂದು ಬೈದ್ರಿ?"

"ಅವನು ಮೈಮೇಲೆ ಹಾಕ್ಕೊಂಡ, ಅದಕ್ಕೆ ಅವನಿಗೆ ಬೈದೆ. ನೀನು ನಗ್ತಾ ಇದ್ಯಲ್ಲ, ನಿನಗೇನಮ್ಮ ಬಯ್ಯೋದು?" ಈಗ ತಿರುಗಿ ನನ್ನನ್ನು ನೋಡಿದರು. "ನೀವಿಬ್ರೂ ಜೋಡಿ ಗೂಡು. ಯಾರ ಎಳೆ ಎಲ್ಲಿ ಶುರು ಅಂತ ಹುಡುಕ್ತಾ ಕೂತ್ರೆ ನನ್ ಆಯಸ್ಸು ಸಾಲಲ್ಲ. ಆದ್ರೆ ಈ ಹೆಸರಲ್ಲಿ ನಾನು ನಿಲ್ಲಿಸಲ್ಲ. ತೋಟ ಕೀಳೋದು ಬೇಡ ಅಂದಿದೀನಿ. ಇನ್ನೊಂದು ಬೆಳೆ ಮಾಡ್ತೀನಿ. ನನಗೆ ಮಂಡಿ ಇಲ್ಲ, ನಿನಗಿದೆ. ನಾಳೆಯಿಂದ ಬಾ. ಆ ಪೌಡರ್ ಹಾಕ್ಕೊಂಡು ಬರ್ಬೇಡ."

ಹೋದೆ. ಹುಳದ ಮನೆ ತೊಳೆದೆ, ಸುಣ್ಣ ಹೊಡೆದೆ, ಹುಳ ತಂದ ಮೇಲೆ ದಿನವೂ ಬೆಳಿಗ್ಗೆ ಎದ್ದು ಸೊಪ್ಪು ಕೊಯ್ದೆ. ಮಕ್ಕಳಿಗೆ ಪಾಠದಲ್ಲಿ ರೇಷ್ಮೆ ಹುಳದ ಜೀವನಚಕ್ರ ಬೋರ್ಡಿನ ಮೇಲೆ ಬರೆದು ಬರೆದು ಉಬ್ಬಿದ್ದವಳಿಗೆ, ಆ ಚಕ್ರ ತಿರುಗುವುದಕ್ಕೆ ಎಷ್ಟು ಹೊರೆ ಸೊಪ್ಪು ಬೇಕು ಅಂತ ಬೆನ್ನಿಗೆ ಗೊತ್ತಾಯಿತು. ಯಜಮಾನರು ಕ್ಯಾಮೆರಾ ಹಿಡಿದು ಹಿಂದೆಯೇ. "ಒಂದು ಹೊರೆ ಹೊರ್ರೀ" ಅಂದರೆ, "ಫೋಕಸ್ ಹೋಗುತ್ತೆ" ಅನ್ನುತ್ತಿದ್ದರು. ಅವರ ಮೇಲೆ ಪ್ರೀತಿ ಉಕ್ಕಿದ್ದು ನಿಜ, ಹಾಗಂತ ಬೈಯುವುದನ್ನು ಬಿಟ್ಟಿಲ್ಲ.

ಮೊನ್ನೆ ಆ ಗೂಡು ಮಾರ್ಕೆಟ್ಟಿಗೆ ಬಂತು. ಖಾದರ್ ಸಾಬರು ಈ ಸಲ ಮೊಣಕೈವರೆಗೆ ಕೈ ಹಾಕಿ ತಡಕಿದರು. ತುಂಬ ಹೊತ್ತು ತಡಕಿದರು. ಅತ್ತಿಗೆ ಅವರ ಕೈಯನ್ನೇ ನೋಡುತ್ತಿದ್ದರು. ಕೊನೆಗೆ ಸಾಬರು ಕೈ ಹೊರಗೆ ತೆಗೆದು, ಜಾಡಿಸಿ, "ಇದು ನಿಮ್ ಗೂಡಮ್ಮಾ," ಅಂದರು. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಸರಿ, ಇನ್ನ ಗುಲಾಬಿ ಹಾಕ್ಲಿ," ಎಂದು ಹೊರಟೇಬಿಟ್ಟರು.

ಇವತ್ತು ಯಜಮಾನರು ಹೊಸ ಬೆಳೆಯ ವೀಡಿಯೋ ಜೋಡಿಸುತ್ತಿದ್ದಾರೆ. ಈಗ ತಾನೇ ನನ್ನನ್ನು ಕರೆದು ಒಂದು ತುಣುಕು ತೋರಿಸಿದರು. ಹುಳ ಚಂದ್ರಿಕೆಗೇರಿದ ದಿನ. ಮಬ್ಬಿನಲ್ಲಿ ಬಾಗಿಲು ತೆರೆದುಕೊಂಡು ನಾನು ಒಳಗೆ ಬರುತ್ತೇನೆ. ಹಳೇ ವಾಯಿಲ್ ಸೀರೆ, ಬೆವರಿದ ಕರಿ ಮುಖ. ಕತ್ತಲಲ್ಲಿ ಏನೂ ಕಾಣದೆ, ಹಾಳು ಅಭ್ಯಾಸ ನೋಡಿ, ಕೈ ತನ್ನಷ್ಟಕ್ಕೆ ತಾನೇ ಗೋಡೆ ಸವರುತ್ತಾ ಸ್ವಿಚ್ಚಿನ ಕಡೆ ಹೋಗುತ್ತದೆ. ಆಗ ಅಕ್ಕ ತಮ್ಮ ಇಬ್ಬರ ದನಿಯೂ ಒಟ್ಟಿಗೆ ಬರುತ್ತದೆ: "ಕೈ!"

ಯಜಮಾನರು ಕತ್ತರಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ನನ್ನ ಮುಖ ನೋಡದೆ ಕೇಳಿದರು. "ಇದನ್ನ ತೆಗೀಲಾ?"

"ಇರ್ಲಿ ಬಿಡ್ರೀ," ಅಂದೆ.